ಚಿಕ್ಕಿಯ ಪಾರ್ಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ನಾನು ಮನಸ್ಸಿನ ಡಾಕ್ಟರಾಗಿರುವ ಆಸ್ಪತ್ರೆಯಲ್ಲೂ ಹೇಳುತ್ತಾರೆ. ಹೇಳಲಿ. ಆ ಕೋಪ ಇಲ್ಲದಿದ್ದರೆ ನಮ್ಮ ಹೊಸ ಚಿಕಿತ್ಸಾ ಘಟಕ ಇವತ್ತಿಗೂ ಕಾಗದದ ಮೇಲೇ ಇರುತ್ತಿತ್ತು. ಈ ಆಟವನ್ನು ಎಷ್ಟು ವರ್ಷ ನೋಡಿದ್ದೇನೆ! ಮನುಷ್ಯನಿಗೆ ಒಂದೇ ತೊಂದರೆ ಇದ್ದರೆ ಅವನು ಎಲ್ಲರಿಗೂ ಬೇಕು. ಮೂರು ನಾಲ್ಕು ಒಟ್ಟಿಗೆ ಗಂಟುಬಿದ್ದಿದ್ದರೆ ಯಾರಿಗೂ ಬೇಡ. ಕುಡಿತ ಬಿಡಿಸುವ ವಿಭಾಗದವರು ಮೊದಲು ಮನಸ್ಸು ಸರಿಮಾಡಿಕೊಂಡು ಬನ್ನಿ ಅನ್ನುತ್ತಾರೆ. ಆಪ್ತಸಮಾಲೋಚನೆ ಮಾಡುವವರು ಮೊದಲು ಕುಡಿತ ಬಿಟ್ಟು ಬನ್ನಿ ಅನ್ನುತ್ತಾರೆ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎಂದರೆ ಮಾತ್ರೆ ಬರೆದುಕೊಡುತ್ತಾರೆ, ಏನು ಮಾತಾಡುತ್ತಾರೆ ಎಂದು ಮಾತ್ರ ಕೇಳುವುದಿಲ್ಲ. ಹೀಗೆ ಬಾಗಿಲಿಂದ ಬಾಗಿಲಿಗೆ ಅಲೆದು ಚಪ್ಪಲಿ ಸವೆಸಿದವರಿಗಾಗಿಯೇ ಒಂದು ಜಾಗ ಬೇಕು ಎಂದು ನಾನು ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರ ತಲೆ ತಿಂದೆ. ಕೊನೆಗೆ ಅವರು ಸಾಕಾಗಿ ಒಪ್ಪಿದರು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮುಚ್ಚಿಹೋಗಿದ್ದ ಒಂದು ಕನ್ನಡಕದ ಅಂಗಡಿ ಸಿಕ್ಕಿತು. ಕೆಳಗೆ ಒಂದು ಹಜಾರ, ಮೇಲೆ ನಾಲ್ಕು ಕೋಣೆ. ಗೋಡೆಯ ಮೇಲೆ ಅಕ್ಷರ ಓದಿಸುವ ಹಲಗೆ ಇನ್ನೂ ನೇತಾಡುತ್ತಿತ್ತು. ದೊಡ್ಡ ಡಾಕ್ಟರು ಒಂದು ಷರತ್ತು ಹಾಕಿದರು: ಘಟಕ ಹೇಗಿರಬೇಕು ಎಂದು ನಾವೇ ಕೂತು ಬರೆದುಬಿಡಬಾರದು, ಇದನ್ನೆಲ್ಲ ಅನುಭವಿಸಿದವರನ್ನೂ ಸಮಿತಿಗೆ ಸೇರಿಸಿಕೊಳ್ಳಬೇಕು. ಅದಂತೂ ನನ್ನದೇ ಮಾತು. ಅಂಥವರನ್ನು ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ. ನಮ್ಮ ಮನೆಯಲ್ಲೇ ಒಬ್ಬಳಿದ್ದಳು.

ಅವಳು ಚಿಕ್ಕಿ, ನನ್ನ ತಾಯಿಯ ಕೊನೆಯ ತಂಗಿ. ಚಿಕ್ಕಮ್ಮ ಅಂದರೂ ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು ಅಷ್ಟೇ. ಒಂದೇ ಮನೆಯಲ್ಲಿ ಬೆಳೆದೆವು. ನನಗೆ ಜಡೆ ಹಾಕಿದವಳು, ಸೈಕಲ್ ಕಲಿಸಿದವಳು, ಲೆಕ್ಕದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗ ಅಪ್ಪನ ಮುಂದೆ ನನ್ನ ಪರ ವಾದಿಸಿದವಳು ಅವಳೇ. ಇಪ್ಪತ್ತರ ಆಸುಪಾಸಿನಲ್ಲಿ ಅವಳಿಗೆ ಕಾಯಿಲೆ ಶುರುವಾಯಿತು. ಕಾಯಿಲೆಯ ಹೆಸರು ಡಾಕ್ಟರು ಬದಲಾದ ಹಾಗೆಲ್ಲ ಬದಲಾಯಿತು. ಕೆಲವು ವರ್ಷ ಕುಡಿತವೂ ಸೇರಿಕೊಂಡಿತು. ಒಮ್ಮೊಮ್ಮೆ ತಿಂಗಳುಗಟ್ಟಲೆ ಚೆನ್ನಾಗಿರುತ್ತಾಳೆ, ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ನನಗೇ ಬುದ್ಧಿ ಹೇಳುತ್ತಾಳೆ. ಆಮೇಲೆ ಒಂದು ದಿನ ಮಾತು ಕಡಿಮೆಯಾಗುತ್ತದೆ, ಊಟ ಬಿಡುತ್ತಾಳೆ, ರವಿಕೆಯ ಉದ್ದ ತೋಳು ಎಳೆದೆಳೆದು ಮಣಿಕಟ್ಟು ಮುಚ್ಚಿಕೊಳ್ಳುತ್ತಾಳೆ. ಆಗ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾಯುತ್ತೇವೆ. ಎಷ್ಟೋ ವರ್ಷದಿಂದ ಅವಳು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಹೋಗಿ ಬಂದು ಸಾಕಾಗಿತ್ತು ಅವಳಿಗೆ.

ಸಮಿತಿಗೆ ಬಾ ಎಂದಾಗ ಮಾತ್ರ ಒಪ್ಪಿದಳು. ಮೊದಲ ದಿನ ಬೀದಿಯ ತಿರುವಿನಲ್ಲಿ ಅವಳನ್ನು ನಿಲ್ಲಿಸಿ, ಅಲ್ಲಿ ನಾವಿಬ್ಬರೂ ಸಂಬಂಧಿಕರು ಎಂದು ಹೇಳುವುದು ಬೇಡ ಎಂದೆ. ಗೊತ್ತಾದರೆ ಬೇರೆಯವರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ ಎಂದು ಕಾರಣವನ್ನೂ ಕೊಟ್ಟೆ. ಕಾರಣ ಹುಡುಕುವುದರಲ್ಲಿ ನಾನು ಎತ್ತಿದ ಕೈ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಹಾಗಾದರೆ ಅಲ್ಲಿ ನಿನ್ನನ್ನು ಏನಂತ ಕರೆಯಲಿ ಎಂದಳು. ಎಲ್ಲರೂ ಮೇಡಂ ಅನ್ನುತ್ತಾರೆ ಎಂದೆ. ಸರಿ ಮೇಡಂ, ನಡೀರಿ ಮೇಡಂ ಎಂದು ನಕ್ಕಳು. ನಾನೂ ನಕ್ಕೆ.

ಸಮಿತಿಯಲ್ಲಿ ಚಿಕ್ಕಿ ಮಿಂಚಿದಳು, ಸುಳ್ಳಲ್ಲ. ಬಾಗಿಲಿಗೆ ಬೆನ್ನು ಮಾಡಿ ಕೂರುವ ಕುರ್ಚಿ ಒಂದೂ ಇರಕೂಡದು ಎಂದು ಹಟ ಹಿಡಿದಳು. ಗೋಡೆಗೆ ಸಮುದ್ರದ ಚಿತ್ರ ಬೇಡವೇ ಬೇಡ, ಎಲ್ಲ ಆಸ್ಪತ್ರೆಯಲ್ಲೂ ಅದೇ ಸಮುದ್ರ, ನೋಡಿ ನೋಡಿ ವಾಂತಿ ಬರುತ್ತದೆ ಎಂದಾಗ ದೊಡ್ಡ ಡಾಕ್ಟರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಡಾಕ್ಟರು ಬಂದಾಗಲೆಲ್ಲ ತನ್ನ ಕಥೆಯನ್ನು ಮೊದಲಿನಿಂದ ಹೇಳಿಸುವುದು ಒಂದು ಹಿಂಸೆ ಎಂದು ಅವಳು ಹೇಳಿದ್ದನ್ನು ನಾವು ಹಾಗೇ ಘಟಕದ ಪದ್ಧತಿ ಮಾಡಿದೆವು: ಒಬ್ಬರಿಗೆ ಒಬ್ಬರೇ ಚಿಕಿತ್ಸಕರು, ಮೊದಲ ಕೆಲವು ವಾರ ಬರೀ ಪರಿಚಯ, ಕಥೆ ಹೇಳಬೇಕು ಅನ್ನಿಸಿದಾಗ ಹೇಳಿದರೆ ಸಾಕು. ಒಂದು ದಿನ ಕುರ್ಚಿ ಆರಿಸಲು ಅಂಗಡಿಗೆ ಹೋಗಿದ್ದೆವು. ಅವಳು ಒಂದೊಂದರಲ್ಲೂ ಕೂತು, ಎದ್ದು, ಒರಗಿ ನೋಡಿದಳು. ಕೊನೆಗೆ ಒಂದು ಬೂದು ಬಣ್ಣದ ಕುರ್ಚಿಯಲ್ಲಿ ಕೂತವಳು ಏಳಲೇ ಇಲ್ಲ. ಯಾರೂ ಕೇಳದೆ ಅವಳೇ ಹೇಳಿದಳು.

"ಆ ಘಟಕಕ್ಕಾದ್ರೆ ನಾನೂ ಬರ್ತೀನಿ. ಚಿಕಿತ್ಸೆಗೆ."

ನಾನು ಅಂಗಡಿಯವನ ಹತ್ತಿರ ಬೆಲೆ ವಿಚಾರಿಸುವ ನೆಪದಲ್ಲಿ ಆಚೆ ಹೋಗಿ ಕಣ್ಣು ಒರೆಸಿಕೊಂಡೆ. ಇಷ್ಟು ವರ್ಷ ಅಮ್ಮ ಬೇಡಿಕೊಂಡರೂ, ನಾನು ಬೈದರೂ, ಅಳುತ್ತ ಕಾಲು ಹಿಡಿದರೂ ಒಪ್ಪದವಳು. ಘಟಕ ತೆರೆದಾಗ ಸೇರುವ ಮೊದಲ ಹತ್ತು ಜನರಲ್ಲಿ ಅವಳ ಹೆಸರೂ ಸೇರಿತು.

ಇದಾದ ಮೇಲೆ ನಿಯಮಗಳನ್ನು ಬರೆಯುವ ಕೆಲಸ ಬಂತು. ಸಿಬ್ಬಂದಿಯ ಹತ್ತಿರದ ಸಂಬಂಧಿಕರಿಗೆ ಅದೇ ಘಟಕದಲ್ಲಿ ಚಿಕಿತ್ಸೆ ಇಲ್ಲ ಎನ್ನುವುದು ಎಲ್ಲ ಕಡೆ ಇರುವ ನಿಯಮ, ನ್ಯಾಯವಾದ ನಿಯಮವೇ. ನಾನೇ ಬರೆದೆ. ಬರೆದಾಗ ಒಂಥರಾ ನಿರಾಳವೇ ಆಯಿತು. ಈಗ ಬಾಯಿ ಮುಚ್ಚಿಕೊಂಡಿರಲು ಘನವಾದ ಕಾರಣ ಸಿಕ್ಕಿತಲ್ಲ. ಹೇಳಿದರೆ ಚಿಕ್ಕಿಯ ಜಾಗ ಹೋಗುತ್ತದೆ. ನಾನು ಮುಚ್ಚಿಡುವುದು ಅವಳ ಒಳ್ಳೆಯದಕ್ಕೆ. ಹೀಗಂದುಕೊಂಡು ಹಾಯಾಗಿದ್ದೆ.

ಘಟಕ ತೆರೆಯುವ ಮೊದಲು ಒಂದು ದಿನದ ತರಬೇತಿ ಇತ್ತು. ತರಬೇತಿ ಕೊಡಲು ಹೊರಗಿನಿಂದ ಒಬ್ಬರು ಬಂದಿದ್ದರು; ಉತ್ಸಾಹದ ಮನುಷ್ಯ, ಮಾತಿಗೊಮ್ಮೆ ಚಪ್ಪಾಳೆ ತಟ್ಟುವ ಅಭ್ಯಾಸ. ಪಾತ್ರ ಬದಲಾಯಿಸಿ ನೋಡೋಣ ಎಂದರು. ಸಿಬ್ಬಂದಿ ರೋಗಿಗಳಾಗಬೇಕು, ಅನುಭವಸ್ಥರು ಸಿಬ್ಬಂದಿಯಾಗಬೇಕು. ಚೀಟಿ ಎತ್ತಿದೆವು. ಬಾಗಿಲಲ್ಲಿ ಬಂದವರನ್ನು ಮಾತಾಡಿಸುವ ಮೇಜು ಚಿಕ್ಕಿಗೆ ಬಂತು. ಮೊದಲ ಸಲ ಬಂದ ರೋಗಿ ನಾನು.

ಎಲ್ಲರೂ ಗೋಡೆಯ ಬದಿಗೆ ಸರಿದು ಕೂತರು. ನಾನು ಹೊರಗೆ ಹೋಗಿ ಬಾಗಿಲು ತಳ್ಳಿಕೊಂಡು ಒಳಗೆ ಬಂದೆ. ದೇವರಾಣೆಗೂ ಏನೂ ಯೋಚಿಸಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲಿತ್ತು, ಚೆನ್ನಾಗಿ ಮಾಡಬೇಕು ಅನ್ನುವ ಹುಮ್ಮಸ್ಸು ಬೇರೆ. ಕೈ ತಾನಾಗಿಯೇ ತೋಳನ್ನು ಮಣಿಕಟ್ಟಿನವರೆಗೆ ಎಳೆಯಿತು. ಕುರ್ಚಿಯನ್ನು ಅಂಗೈಯಿಂದ ಎರಡು ಸಲ ಒರೆಸಿದೆ. ತುದಿಯಲ್ಲಿ ಕೂತೆ. ನಿಮ್ಮ ಹೆಸರೇನು ಎಂದು ಚಿಕ್ಕಿ ಕೇಳಿದಳು. ನಾನು ತಲೆ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ, ಮೂಗಿನಲ್ಲಿ ಎಳೆಯುವ ದನಿಯಲ್ಲಿ ಹೇಳಿದೆ.

"ಬೈಯಲ್ಲ ಅಲ್ವಾ?"

ಗೋಡೆಯ ಬದಿಯಿಂದ ನಗು ಬಂತು. ನಗು ಬಂದರೆ ನನಗೆ ಇನ್ನೂ ಹುರುಪು. ಅವಳು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಮೊದಲು ಬೈಯಲ್ಲ ಅಲ್ವಾ ಎಂದೆ, ಆಮೇಲೆ ತೋಳು ಎಳೆದುಕೊಂಡೆ, ಆಮೇಲೆ ಉತ್ತರ ಕೊಟ್ಟೆ. ಅವಳು ಬಂದಿಲ್ಲ, ಅವಳಿಗೆ ಹುಷಾರಿಲ್ಲ ಎಂದು ನನ್ನನ್ನೇ ಬೇರೆ ಯಾರೋ ಎನ್ನುವ ಹಾಗೆ ಮಾತಾಡಿದೆ. ತೀರ ಹದಗೆಟ್ಟ ದಿನಗಳಲ್ಲಿ ಚಿಕ್ಕಿ ಮಾಡುವುದು ಹೀಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇದು ನನಗೆ ಹೊಳೆದದ್ದು ಯಾವಾಗ ಗೊತ್ತೇ? ಮೇಜಿನ ಆಚೆ ಅವಳ ಪೆನ್ನು ನಿಂತಾಗ.

ಅವಳು ನನ್ನನ್ನು ನೋಡುತ್ತಿದ್ದಳು. ಸಿಟ್ಟಿಲ್ಲ, ಅಳುವೂ ಇಲ್ಲ. ತಾನು ಹೀಗೆ ಕಾಣುತ್ತೇನೆಯೇ ಎಂದು ಮೊದಲ ಸಲ ನೋಡುತ್ತಿರುವವಳ ಮುಖ ಅದು. ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ನನಗೆ. ಆದರೆ ಆಟ ನಿಲ್ಲಿಸಲೂ ಧೈರ್ಯವಿರಲಿಲ್ಲ, ನಿಲ್ಲಿಸಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಬೈಯಲ್ಲ ಅಲ್ವಾ ಎಂದು ಇನ್ನೊಮ್ಮೆ ಅಂದುಬಿಟ್ಟೆ.

"ಬೈಯಲ್ಲ," ಎಂದಳು ಚಿಕ್ಕಿ. "ಯಾರೂ ಬೈಯಲ್ಲ. ನಿಧಾನಕ್ಕೆ ಕೂತ್ಕೊಳ್ಳಿ. ಕಾಲು ಪೂರ್ತಿ ಮೇಲಿಟ್ಕೊಂಡ್ರೂ ಪರವಾಗಿಲ್ಲ."

ಮನೆಯಲ್ಲಿ ಅವಳು ಇದೇ ಪ್ರಶ್ನೆ ಕೇಳಿದಾಗ ನಾನು ಕೊಟ್ಟ ಉತ್ತರ ಏನು? ಯಾರು ಬೈತಿದ್ದಾರೆ ಈಗ, ಸುಮ್ನಿರು ಎಂದು ಬೈದಿದ್ದೇನೆ. ಪ್ರತಿ ಸಲವೂ ಬೈದಿದ್ದೇನೆ. ಮನಸ್ಸಿನ ಡಾಕ್ಟರಿಕೆ ಓದಿದ ಮೇಲೂ ಬೈದಿದ್ದೇನೆ.

ಜೋರು ಚಪ್ಪಾಳೆ ಬಿತ್ತು. ಇಷ್ಟು ವರ್ಷ ತರಬೇತಿ ಕೊಟ್ಟಿದ್ದೇನೆ, ಇಂಥ ಸಹಜ ಅಭಿನಯ ನೋಡಿಲ್ಲ ಎಂದು ತರಬೇತಿಯವರು ನನ್ನ ಬೆನ್ನು ತಟ್ಟಿದರು. ಸಮಿತಿಯಲ್ಲಿದ್ದ ಡ್ರೈವರಣ್ಣ, ತಾನೂ ವಾರ್ಡಿನಲ್ಲಿ ತಿಂಗಳು ಕಳೆದವನು, ಅವನೊಬ್ಬ ಮಾತ್ರ ಚಪ್ಪಾಳೆ ತಟ್ಟದೆ ಚಿಕ್ಕಿಯ ಕಡೆ ನೋಡಿದ. ನಾನು ನೀರು ಕುಡಿಯುವ ನೆಪ ಮಾಡಿ ಜಾರಿಕೊಂಡೆ.

ಸಂಜೆ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಮನೆಗೆ ಬಂದೆವು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಏನಾದರೂ ಹೇಳು, ಹೀಗೆ ಮುಖ ಊದಿಸಿಕೊಂಡು ಕೂತರೆ ನನಗೆ ಹೇಗೆ ಗೊತ್ತಾಗಬೇಕು ಎಂದು ನಾನೇ ರೇಗಿದೆ. ತಪ್ಪು ನನ್ನದು, ರೇಗುವವಳೂ ನಾನೇ! ಅವಳು ತಿರುಗಿ, ಬಹಳ ಚೆನ್ನಾಗಿ ಬಂತು, ಮುಂಚೆಯೇ ಮಾಡಿ ಅಭ್ಯಾಸ ಇತ್ತಾ ಎಂದು ಕೇಳಿದಳು. ಇಲ್ಲ ಎಂದೆ. ಇತ್ತು. ಮದುವೆ ಮುಂಜಿಗೆ ಸೇರಿದಾಗ, ಅವಳು ಕೋಣೆ ಸೇರಿಕೊಂಡ ಮೇಲೆ, ಅತ್ತೆ ಮಾವಂದಿರ ಮಕ್ಕಳ ಮುಂದೆ ಎಷ್ಟು ಸಲ ಮಾಡಿ ನಗಿಸಿದ್ದೇನೋ. ಮಾಡೇ ಮಾಡೇ ಚಿಕ್ಕಿ ಥರ ಮಾಡೇ ಎಂದು ಅವರು ಗೋಗರೆಯುತ್ತಿದ್ದರು, ನಾನು ಮಾಡುತ್ತಿದ್ದೆ. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಮುಂದಿನ ವಾರ ಸಮಿತಿ ಸೇರಿದಾಗ ತರಬೇತಿಯವರು ಹೊಸದೊಂದು ಯೋಚನೆಯೊಂದಿಗೆ ಬಂದರು. ಮೇಡಂ ಮಾಡಿದ ಪಾತ್ರವನ್ನು ವಿಡಿಯೋ ಮಾಡೋಣ, ಹೊಸದಾಗಿ ಸೇರುವ ಸಿಬ್ಬಂದಿಗೆಲ್ಲ ತೋರಿಸೋಣ. ದೊಡ್ಡ ಡಾಕ್ಟರು ಖುಷಿಯಿಂದ ತಲೆಯಾಡಿಸಿದರು. ಗಂಟಲು ಸರಿಯಿಲ್ಲ ಎಂದೆ. ಮುಂದಿನ ವಾರ ಮಾಡೋಣ ಎಂದರು. ಕೆಲಸ ಬಹಳ ಇದೆ ಎಂದೆ. ಅರ್ಧ ಗಂಟೆ ಸಾಕು ಎಂದರು. ರೋಗಿಗಳನ್ನು ಅಣಕಿಸಿದ ಹಾಗಾಗುತ್ತದೆ ಎಂದೆ. ಅಣಕ ಅಲ್ಲ ಮೇಡಂ, ಅದರಲ್ಲಿ ಎಷ್ಟು ಕರುಣೆ ಇತ್ತು ಎಂದರು. ಕರುಣೆಯಂತೆ.

ಆಗ ಚಿಕ್ಕಿ ಕೈ ಎತ್ತಿದಳು.

"ಆ ಪಾರ್ಟು ನಾನು ಮಾಡ್ಲಾ?"

ತರಬೇತಿಯವರು ಪ್ರೀತಿಯಿಂದಲೇ ನಕ್ಕರು. "ನೀವು ಮೇಜಿನ ಹತ್ತಿರವೇ ಚೆನ್ನಾಗಿದ್ರಿ ಅಮ್ಮಾ. ಇದು ನಿಮಗೆ ಅಷ್ಟು ಸಹಜವಾಗಿ ಬರಲ್ಲ."

ಒಂದಿಬ್ಬರು ನಕ್ಕರು. ಚಿಕ್ಕಿಯೂ ನಕ್ಕಳು. ಅವಳ ಕಾಯಿಲೆಯನ್ನೂ ಅವಳಿಂದ ಕಿತ್ತುಕೊಂಡು ನಾನು ಚಪ್ಪಾಳೆ ಗಿಟ್ಟಿಸಿದ್ದೆ. ಇನ್ನು ತಡೆಯಲು ಆಗಲಿಲ್ಲ. ಇವಳು ನನ್ನ ಚಿಕ್ಕಮ್ಮ, ನಮ್ಮಮ್ಮನ ಒಡಹುಟ್ಟಿದವಳು, ಅವತ್ತು ನಾನು ಮಾಡಿದ್ದು ಅಭಿನಯ ಅಲ್ಲ, ಇವಳನ್ನೇ ಅಣಕಿಸಿದ್ದು ಎಂದು ಹೇಳಿಬಿಟ್ಟೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ಸಂಬಂಧಿಕರಿಗೆ ಇಲ್ಲಿ ಚಿಕಿತ್ಸೆ ಇಲ್ಲ ಅನ್ನುವ ನಿಯಮ ಇದೆಯಲ್ಲ, ಇವಳ ಜಾಗ ತಪ್ಪಬಾರದು ಎಂದು ಮುಚ್ಚಿಟ್ಟೆ, ಬೇರೇನೂ ಅಲ್ಲ ಎಂದು ಸೇರಿಸಿದೆ.

ಚಿಕ್ಕಿ ಅಲ್ಲಿಯವರೆಗೂ ಆ ಹಜಾರದಲ್ಲಿ ನನ್ನನ್ನು ನೀನು ಎಂದಿರಲಿಲ್ಲ.

"ಸುಳ್ಳು ಹೇಳಬೇಡ ಕಣೇ. ರೂಲ್ಸು ಬಂದಿದ್ದು ಆಮೇಲೆ. ನನಗೂ ನಿನಗೂ ಸಂಬಂಧ ಇಲ್ಲ ಅನ್ನು ಅಂತ ನೀನು ಹೇಳ್ಕೊಟ್ಟಿದ್ದು ಮೊದಲನೇ ದಿನ."

ಅವಳ ದನಿ ಏರಲಿಲ್ಲ. ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನು ತಿದ್ದುವಾಗ ಹೇಳುತ್ತಿದ್ದಳಲ್ಲ, ಹಾಗೇ ಹೇಳಿದಳು. ನನಗೆ ತಲೆ ಎತ್ತಲು ಆಗಲಿಲ್ಲ. ಅವಳು ಹೇಳಿದ್ದು ನಿಜ. ಇಷ್ಟೆಲ್ಲ ಓದಿದವಳ ಮನೆಯಲ್ಲೂ ಇಂಥವಳಿದ್ದಾಳಾ ಎಂದು ಸಹೋದ್ಯೋಗಿಗಳು ಅಂದುಕೊಂಡಾರು ಎನ್ನುವ ನಾಚಿಕೆಗೆ ಮುಚ್ಚಿಟ್ಟಿದ್ದೆ. ಅಂಥವರು ಅವಮಾನವಿಲ್ಲದೆ ಬರಲಿ ಎಂದು ಒಂದು ಮನೆಯನ್ನೇ ಕಟ್ಟುತ್ತಿದ್ದವಳು ನಾನು.

ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಅವರು ಗದರಲಿಲ್ಲ, ಗದರಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ವಿಷಯ ಇಷ್ಟೇ ಎಂದರು. ನಾನು ಘಟಕದ ಮುಖ್ಯಸ್ಥೆಯಾಗಿ ಇರುವುದಾದರೆ ಚಿಕ್ಕಿ ಇಲ್ಲಿ ಚಿಕಿತ್ಸೆ ತೆಗೆದುಕೊಳ್ಳುವಂತಿಲ್ಲ, ಹಳೆಯ ವಿಭಾಗಕ್ಕೆ ಹೋಗಬೇಕು. ಅವಳಿಗೆ ಇಲ್ಲೇ ಚಿಕಿತ್ಸೆ ಬೇಕಾದರೆ ನಾನು ಘಟಕ ಬಿಟ್ಟು ಆಸ್ಪತ್ರೆಯ ಬೇರೆ ಕೆಲಸಕ್ಕೆ ಹೋಗಬೇಕು. ಎರಡರಲ್ಲಿ ಒಂದು.

ಹಳೆಯ ವಿಭಾಗ ಅಂದರೆ ಅವಳು ಬಿಟ್ಟುಬಂದ ಅದೇ ಬಾಗಿಲುಗಳು. ಅಲ್ಲಿಗೆ ಅವಳು ಹೋಗುವುದಿಲ್ಲ ಎಂದು ನನಗೆ ಗೊತ್ತು, ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ಬಿಡುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಸ್ವಲ್ಪ ಯೋಚನೆ ಮಾಡಲು ಸಮಯ ಬೇಕು ಡಾಕ್ಟ್ರೇ ಎಂಬ ಮಾತು ಬಂತು. ವರ್ಷಗಟ್ಟಲೆ ಜಗಳವಾಡಿ ಕಟ್ಟಿದ ಘಟಕ, ಬಾಗಿಲು ತೆರೆಯುವ ಹೊತ್ತಿಗೆ ಬೇರೆಯವರ ಕೈಗೆ ಕೊಡಬೇಕೇ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಚಿಕ್ಕಿ ಎದ್ದು ನಿಂತಳು. ಅವಳೇ ಇರಲಿ ಡಾಕ್ಟ್ರೇ, ಇದನ್ನ ಕಟ್ಟಿದ್ದು ಅವಳು, ನಾನು ಬಿಡ್ತೀನಿ ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ನಾನು ತಕ್ಷಣ ಹಿಂದೆ ಓಡಲಿಲ್ಲ. ದೊಡ್ಡ ಡಾಕ್ಟರ ಮುಂದೆ ಕೂತೇ ಇದ್ದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಎದ್ದು ಕೆಳಗಿಳಿದೆ. ಅವಳು ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ದಾಟಿ ಹೋದೆ. ನೀನು ಹೀಗೆಲ್ಲ ಬಿಟ್ಟುಕೊಡಬೇಡ, ಡಾಕ್ಟರ ಹತ್ತಿರ ನಾನು ಮಾತಾಡುತ್ತೇನೆ, ಏನಾದರೂ ದಾರಿ ಇರುತ್ತದೆ ಎಂದು ಬಡಬಡಿಸಿದೆ. ಇನ್ನೇನು ದಾರಿ, ಎರಡೇ ಇರುವುದು ಎಂದಳು. ಹಾಗಾದರೆ ನೀನು ಹಳೇ ವಿಭಾಗಕ್ಕೆ ಹೋಗುತ್ತೀಯಾ ಎಂದೆ. ಅವಳು ರವಿಕೆಯ ತೋಳನ್ನು ನಿಧಾನವಾಗಿ ಮಣಿಕಟ್ಟಿನವರೆಗೆ ಎಳೆದುಕೊಂಡಳು.

ನಾನು ತಿರುಗಿ ರಸ್ತೆ ದಾಟಿದೆ. ಒಬ್ಬ ಲಾರಿಯವನು ಕೆಟ್ಟದಾಗಿ ಬೈದ, ಕೇಳಿಸಿಕೊಂಡೆ. ಮೆಟ್ಟಿಲು ಹತ್ತಿ, ಬಾಗಿಲು ತಟ್ಟದೆ ಒಳಗೆ ಹೋಗಿ, ನಾನು ಘಟಕ ಬಿಡುತ್ತೇನೆ, ಅವಳ ಹೆಸರು ಹಾಗೇ ಇರಲಿ ಎಂದೆ. ಖಂಡಿತಾನಾ ಎಂದು ದೊಡ್ಡ ಡಾಕ್ಟರು ಕೇಳಿದರು. ಖಂಡಿತ ಎಂದೆ. ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಹೇಳಬೇಕಾಗಿಲ್ಲ. ಅವರು ನೀರಿನ ಲೋಟ ಮುಂದೆ ಸರಿಸಿದರು. ಮುಟ್ಟದೆ ಕೆಳಗೆ ಬಂದೆ.

ಬಸ್ಸು ಬಂದು ನಿಂತಿತ್ತು. ಚಿಕ್ಕಿ ಹತ್ತುವವಳು ನನ್ನನ್ನು ಕಂಡು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟುಕೊಂಡೇ ನಿಂತಳು. ಹೇಳಿ ಬಂದೆ, ನಿನ್ನ ಜಾಗ ಎಲ್ಲೂ ಹೋಗಿಲ್ಲ ಎಂದೆ. ಅವಳ ಕಣ್ಣು ತುಂಬಿತು. ನನ್ನ ಕೆನ್ನೆ ಸವರಿದಳು. ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಂಡೆ.

"ಬರ್ತೀನಿ, ಚಿಕಿತ್ಸೆಗೆ ತಪ್ಪದೆ ಬರ್ತೀನಿ," ಎಂದಳು. "ಆದ್ರೆ ಮೇಲೆ ನಾನು ಬಿಡ್ತೀನಿ ಅಂದಾಗ ನೀನು ಉಸ್ಸಪ್ಪಾ ಅಂತ ಉಸಿರು ಬಿಟ್ಯಲ್ಲ. ಅದು ನಂಗೆ ಕೇಳಿಸ್ತು ಮರಿ."

ನಿಜ, ಉಸಿರು ಬಿಟ್ಟಿದ್ದೆ. ಕಂಡಕ್ಟರು ಒಳಗೆ ಬನ್ನಿ ಎಂದು ಕೂಗಿದ. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನೂ ಹತ್ತಿದೆ. ಅವಳ ಪಕ್ಕದ ಸೀಟು ಖಾಲಿಯಿತ್ತು, ಅವಳು ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಜಾಗವನ್ನೂ ಮಾಡಿಕೊಟ್ಟಳು. ಕೂರಲು ನನಗೆ ಮುಖವಿರಲಿಲ್ಲ. ಮನೆ ಬರುವವರೆಗೂ ಕಂಬಿ ಹಿಡಿದುಕೊಂಡು ನಿಂತೇ ಇದ್ದೆ.